ಹತ್ತನೆಯ ಗೋಲು

ಜುಲೈ 4, ಶುಕ್ರವಾರ

ರಜೆ ಹಾಕಿದ್ದು ಮಲಗುವುದಕ್ಕೆ. ಸಿಡ್ನಿಯ ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ವರ್ಷವಿಡೀ ಕಂಡವರ ಮಂಡಿ, ಸೊಂಟ, ಭುಜ ಎತ್ತಿ ಇಳಿಸಿ ನನ್ನ ಬೆನ್ನು ನನಗೇ ಬೇಡವಾಗಿದೆ. ಎರಡು ವಾರ ಯಾರ ಕಾಲನ್ನೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಭಾಸ್ಕರರ ಫೋನ್ ಬಂತು.

ಭಾಸ್ಕರ ಇಲ್ಲೇ ದಿ ಪಾಂಡ್ಸ್ ಬಡಾವಣೆಯಲ್ಲಿರುವವರು, ಬೆಂಗಳೂರಿನ ಕಡೆಯವರು, ಮಗಳು ತೃಷಾಳ ಫುಟ್‌ಬಾಲ್ ಕ್ಲಬ್ಬಿನ ಕಮಿಟಿಯಲ್ಲಿದ್ದಾರೆ. ಅವರು 'ಸ್ವಲ್ಪ' ಎಂದು ಶುರು ಮಾಡಿದ್ದು ಸ್ವಲ್ಪದಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ.

"ಪ್ರಫುಲ್ಲಾ ಅವ್ರೇ, ಸ್ವಲ್ಪ ಹೆಲ್ಪ್ ಬೇಕಿತ್ತು. ಮೊಟುಲಾ ಅಂತ ಒಂದು ಪುಟ್ಟ ಐಲ್ಯಾಂಡ್ ದೇಶ. ಅಲ್ಲಿಂದ ಅಂಡರ್ ಸಿಕ್ಸ್‌ಟೀನ್ ಗರ್ಲ್ಸ್ ಟೀಮ್ ನಮ್ಮ ಟೂರ್ನಮೆಂಟ್‌ಗೆ ಬಂದಿದೆ. ಜೊತೆಗೆ ಫಿಸಿಯೋ ಯಾರೂ ಇಲ್ಲ. ನೀವು ಸುಮ್ನೆ ಬೆಂಚಲ್ಲಿ ಕೂತ್ಕೊಂಡ್ರೆ ಸಾಕು. ಇಲ್ಲಿ ಎರಡು ಮ್ಯಾಚ್, ಮೆಲ್ಬರ್ನಲ್ಲಿ ಒಂದು."

ಆಗಲಿ ಎಂದೆ. ನನಗೆ ಇಲ್ಲ ಎನ್ನಲು ಬಾಯಿ ಬಾರದು. ಗಂಡ ಜಯೇಶ್ ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದರು. ನಾವು ಮನೆಯಲ್ಲಿ ಆಡುವುದು ತುಳು. ಚುಚ್ಚುವುದಕ್ಕೆ ಮಾತ್ರ ಅವರಿಗೆ ಕನ್ನಡದ ಗಾದೆಗಳೇ ಬೇಕು. ನನಗೆ ದಿನಚರಿ ಬರೆಯಲು ಕನ್ನಡ ಬೇಕಾದ ಹಾಗೆ.

ತೃಷಾಳನ್ನೂ ಕರೆದುಕೊಂಡು ಹೋಗುತ್ತೇನೆ. ಮೇ ತಿಂಗಳಲ್ಲಿ ಕ್ಲಬ್ಬಿನ ಮೊದಲ ತಂಡದಿಂದ ಕೈಬಿಟ್ಟ ಮೇಲೆ ಅವಳು ಬೂಟುಗಳನ್ನು ಕಾರಿನ ಡಿಕ್ಕಿಗೆ ಎಸೆದವಳು ಮತ್ತೆ ಮುಟ್ಟಿಲ್ಲ. ಆಗದ ಕೆಲಸಕ್ಕೆ ಹೋಗಿ ಪೆಟ್ಟು ತಿನ್ನುವುದು ಯಾಕೆ, ಬಿಟ್ಟುಬಿಡು, ಓದಿಕೋ ಎಂದಿದ್ದೆ. ಅಂದಿನಿಂದ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಸ್ವಲ್ಪ ಗಾಳಿಯಾದರೂ ತಾಗಲಿ.

ಜುಲೈ 6, ಭಾನುವಾರ

ಪಾಪ, ಆ ಹುಡುಗಿಯರನ್ನು ಇಲ್ಲಿಗೆ ಕರೆಸಿದ ಪುಣ್ಯಾತ್ಮ ಯಾರು?

ಅವರ ದೇಶದ ಜನರನ್ನೆಲ್ಲ ಒಟ್ಟು ಮಾಡಿದರೂ ನಮ್ಮ ಸಬರ್ಬ್‌ನ ಅರ್ಧ ತುಂಬುವುದಿಲ್ಲವಂತೆ. ಕೋಚ್ ಆನಾ ಅಲ್ಲಿನ ಶಾಲೆಯ ಟೀಚರ್. ಕ್ಯಾಪ್ಟನ್ ಮೆಲೆಗೆ ಹದಿನೈದು, ಉದ್ದ ಕಾಲಿನ ಮೌನಗೌರಿ. ಗೋಲ್‌ಕೀಪರ್ ಸಿನಾ ಎಲ್ಲರಿಗಿಂತ ಚಿಕ್ಕವಳು, ಕೈಗವಸು ಅವಳ ಮೊಣಕೈವರೆಗೆ ಬರುತ್ತದೆ. ಸಿಡ್ನಿಯ ಚಳಿಗೆ ಎಲ್ಲರೂ ಜೆರ್ಸಿಯ ಒಳಗೆ ಇದ್ದಬದ್ದ ಬಟ್ಟೆಯನ್ನೆಲ್ಲ ತುರುಕಿಕೊಂಡಿದ್ದರು.

ಆಟ ಶುರುವಾದದ್ದು ಗೊತ್ತು. ಆಮೇಲೆ ಗೋಲು, ಗೋಲು, ಮತ್ತೆ ಗೋಲು. ಈ ಟೂರ್ನಮೆಂಟಿನಲ್ಲಿ ಒಂದು ನಿಯಮವಿದೆ. ಎರಡು ತಂಡಗಳ ನಡುವೆ ಹತ್ತು ಗೋಲಿನ ಅಂತರ ಬಂತೆಂದರೆ ರೆಫರಿ ಸೀಟಿ ಊದಿ ಆಟವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಭಾಸ್ಕರ ಇದಕ್ಕೆ ಮರ್ಸಿ ರೂಲ್ ಎಂದರು. ದಯೆಯಂತೆ. ನಲವತ್ತು ನಿಮಿಷದ ಮೊದಲರ್ಧ ಮುಗಿಯುವುದರೊಳಗೇ ದಯೆ ತೋರಿಸಿಬಿಟ್ಟರು.

ಸೀಟಿ ಊದಿದ ಮೇಲೂ ನಮ್ಮ, ಅಂದರೆ ಅವರ, ಹುಡುಗಿಯರು ಮೈದಾನ ಬಿಟ್ಟು ಬರಲಿಲ್ಲ. ಇನ್ನೂ ಆಟ ಇದೆ ಎಂದು ಅವರವರ ಜಾಗದಲ್ಲಿ ನಿಂತೇ ಇದ್ದರು. ಆನಾ ಹೋಗಿ ಒಬ್ಬೊಬ್ಬಳನ್ನೇ ಕರೆದುಕೊಂಡು ಬಂದಳು. ನನಗೆ ನೋಡಲಾಗಲಿಲ್ಲ. ಪಾರ್ಕಿಂಗ್‌ನಲ್ಲಿ ಭಾಸ್ಕರರನ್ನು ಹಿಡಿದು, "ನಿಲ್ಲಿಸಿ ಮಾರಾಯ್ರೆ ಇದನ್ನು. ಮಕ್ಕಳನ್ನು ಎಲ್ಲರೆದುರು ಹೀಗೆ ಮಾಡುದು ಎಂತಕ್ಕೆ?" ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ತಲೆಯಾಡಿಸಿದರು.

ಜುಲೈ 7, ಸೋಮವಾರ

ತಂಡ ಇಳಿದುಕೊಂಡಿರುವ ಹಾಲ್‌ಗೆ ಬಂಗುಡೆ ಸಾರು ಮಾಡಿ ಕೊಂಡುಹೋದೆ. ಬ್ರೆಡ್ ಮತ್ತು ಸಾಸೇಜ್ ತಿಂದು ಸಾಕಾಗಿತ್ತೆಂದು ಕಾಣುತ್ತದೆ, ಪಾತ್ರೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ. ಸಿನಾ ಸಾರಿನ ರುಚಿ ನೋಡಿ, ತೆಂಗಿನಕಾಯಿ ಹಳತು ಎಂದಳು. ನಿಜ. ಇಂಡಿಯನ್ ಅಂಗಡಿಯ ಫ್ರೀಜರಿನದ್ದು. ಹದಿಮೂರರ ಹುಡುಗಿಯ ನಾಲಗೆ ನನ್ನ ಅತ್ತೆಯ ನಾಲಗೆಗಿಂತ ಚುರುಕು.

ಮೆಲೆಯ ತೊಡೆಗೆ ಮುಲಾಮು ಹಚ್ಚುತ್ತಿದ್ದಾಗ, ನಾಡಿದ್ದಿನ ಆಟದಲ್ಲಿ ಗೆಲ್ಲುವ ಆಸೆ ಇದೆಯಾ ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ಗೆಲ್ಲುವುದಿಲ್ಲ. ಮುಗಿಸಬೇಕು. ಒಂದು ಆಟವನ್ನಾದರೂ ಕೊನೆಯವರೆಗೆ ಆಡಬೇಕು. ನಮ್ಮ ದೇಶದ ಹುಡುಗಿಯರು ಹೊರಗೆ ಬಂದು ಆಡುತ್ತಿರುವುದು ಇದೇ ಮೊದಲು. ಆಡಿದರು ಅಂತ ಆಗಬೇಕು, ಆಡುವುದಕ್ಕೆ ಹೋಗಿದ್ದರು ಅಂತ ಅಲ್ಲ."

ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಅವಳಿಗೆ ಉಳಿದಿರುವುದು ಇನ್ನೆರಡೇ ಆಟ. ನಾನು ಬ್ಯಾಂಡೇಜ್ ಸುತ್ತಿ ಎದ್ದು ಬಂದೆ.

ಜುಲೈ 8

ಇಡೀ ದಿನ ಮಳೆ. ಏನೂ ಇಲ್ಲ.

ಜುಲೈ 9, ಬುಧವಾರ

ಮತ್ತೆ ನಿಲ್ಲಿಸಿದರು. ಈ ಸಲ ದ್ವಿತೀಯಾರ್ಧದವರೆಗೆ ಎಳೆದರು, ಅಷ್ಟೇ ವ್ಯತ್ಯಾಸ. ಸಿನಾ ಅಳಲಿಲ್ಲ, ಕೈಗವಸು ಕಚ್ಚಿಕೊಂಡು ನಿಂತಿದ್ದಳು. ಅತ್ತಿದ್ದರೇ ವಾಸಿಯಿತ್ತು.

ಬೆಂಚಿನಲ್ಲಿ ನನ್ನ ಪಕ್ಕ ಫೋನ್ ಒತ್ತುತ್ತ ಕೂತಿದ್ದ ತೃಷಾ ಇದ್ದಕ್ಕಿದ್ದಂತೆ, "ಅಮ್ಮ, ದೇ ನೆವರ್ ಕಿಕ್ ಇಟ್ ಔಟ್" ಎಂದಳು. ಫುಟ್‌ಬಾಲ್ ವಿಷಯದಲ್ಲಿ ಅವಳು ಬಾಯಿಬಿಟ್ಟದ್ದು ಎಷ್ಟೋ ವಾರಗಳ ಮೇಲೆ. ಹಾಗೆಂದರೇನು ಎಂದು ಕೇಳಿದೆ. ತನ್ನ ಗೋಲಿನ ಹತ್ತಿರ ಎದುರಾಳಿಗಳು ಮುತ್ತಿಕೊಂಡರೆ ಲೋಕದ ಯಾವ ತಂಡವಾದರೂ ಚೆಂಡನ್ನು ಗೆರೆಯಾಚೆಗೆ ಒದ್ದುಬಿಡುತ್ತದಂತೆ. ಆಟ ಒಂದು ಗಳಿಗೆ ನಿಲ್ಲುತ್ತದೆ, ಉಸಿರೆಳೆದುಕೊಂಡು ಎಲ್ಲರೂ ಜಾಗಕ್ಕೆ ಬರಬಹುದು. ಇವರು ಮಾತ್ರ ಹೊರಗೆ ಹೋಗುವ ಚೆಂಡನ್ನೂ ಬಿದ್ದು ಜಾರಿ ಒಳಗೆ ಎಳೆದುಕೊಳ್ಳುತ್ತಾರೆ, ಮತ್ತೆ ಎದುರಾಳಿಯ ಕಾಲಿಗೇ ಕೊಡುತ್ತಾರೆ.

ಆಗ ನನಗೆ ಹೊಳೆಯಿತು. ನಾನು ಮೂರು ದಿನದಿಂದ ಮುಲಾಮು ಹಚ್ಚುತ್ತಿರುವ ಗಾಯಗಳೆಲ್ಲ ಒಂದೇ ಥರದವು. ಯಾರಿಗೂ ಪಾದದ ಕೀಲು ಉಳುಕಿಲ್ಲ, ಮಂಡಿ ತಿರುಚಿಲ್ಲ. ಎಲ್ಲರಿಗೂ ಸೊಂಟದ ಕೆಳಗೆ, ತೊಡೆಯ ಹೊರಬದಿಗೆ ಚರ್ಮ ಕಿತ್ತಿದೆ. ಗೆರೆಯ ಹತ್ತಿರ ಜಾರಿ ಬಿದ್ದ ಗಾಯ.

ಆನಾಳನ್ನು ಕೇಳಿದೆ. ಅವಳಿಗೆ ಇದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಅವರ ದ್ವೀಪ ಒಂದು ಅಗಲವಾದ ರಸ್ತೆಯಷ್ಟೇ ಅಗಲ. ವಿಮಾನ ಇಳಿಯುವ ಪಟ್ಟಿಯ ಕೊನೆಯಲ್ಲಿ ಆಟದ ಬಯಲು. ಎರಡೂ ಬದಿಗೆ ಸಮುದ್ರ. ಗೆರೆ ದಾಟಿದ ಚೆಂಡನ್ನು ನೀರು ಬಂಡೆಗಳಾಚೆ ಎಳೆದುಕೊಂಡು ಹೋಗುತ್ತದೆ. ಇನ್ನೊಂದು ಚೆಂಡು ಬೇಕಾದರೆ ಹಡಗು ಬರಬೇಕು. ಚೆಂಡು ಕಳೆದವಳಿಗೆ ಹಡಗು ಬರುವವರೆಗೆ ಯಾರೂ ಏನೂ ಅನ್ನುವುದಿಲ್ಲ. ಅದೇ ದೊಡ್ಡ ಶಿಕ್ಷೆ ಎಂದಳು ಆನಾ.

"ಮತ್ತೆ ಅವರಿಗೆ ಹೊರಗೆ ಒದೆಯಲು ಹೇಳಿಕೊಡಲಿಲ್ಲವೇ?" ಎಂದೆ.

"ಹೇಳಿದ್ದೇನೆ. ಹೂಂ ಅನ್ನುತ್ತಾರೆ. ಕಾಲು ಕೇಳಬೇಕಲ್ಲ. ನನ್ನ ಕಾಲೇ ಕೇಳುವುದಿಲ್ಲ" ಎಂದಳು.

ಜುಲೈ 10, ಗುರುವಾರ

ಬೆಳಿಗ್ಗೆಯೇ ಭಾಸ್ಕರ. ಮೆಲ್ಬರ್ನಿನ ಆಟವನ್ನು ಫ್ರೆಂಡ್ಲಿ ಮಾಡಿಬಿಡೋಣ ಎಂದು ಕಮಿಟಿಯ ಯೋಚನೆಯಂತೆ. ಎರಡೂ ತಂಡದ ಹುಡುಗಿಯರನ್ನು ಬೆರೆಸಿ, ಜೆರ್ಸಿಯ ಮೇಲೆ ಬಣ್ಣದ ಬಿಬ್ ತೊಡಿಸಿ, ಅರ್ಧ ಗಂಟೆ ಆಡಿಸಿ, ಫೋಟೋ ತೆಗೆದು, ಪಿಜ್ಜಾ ಕೊಟ್ಟು ಕಳಿಸುವುದು.

"ಯಾರಿಗೂ ಸೋಲಿಲ್ಲ, ಯಾರಿಗೂ ಬೇಜಾರಿಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ. ನೀವು ಫಿಸಿಯೋ ಆಗಿ ಒಂದು ಮಾತು ಹೇಳ್ಬಿಡಿ, ಮಕ್ಳು ಟಯರ್ಡ್ ಆಗಿದಾರೆ, ಫುಲ್ ಮ್ಯಾಚ್‌ಗೆ ಫಿಟ್ ಇಲ್ಲ ಅಂತ. ಅವ್ರಿಗೂ ಮರ್ಯಾದೆ ಉಳಿಯುತ್ತೆ."

"ಯಾರು ಟಯರ್ಡ್? ಒಬ್ಬಳಿಗೂ ಎಂತ ಆಗ್ಲಿಲ್ಲ. ಚರ್ಮ ಹೋಗಿದೆ, ಬರ್ತದೆ."

"ಅಲ್ಲ ಪ್ರಫುಲ್ಲಾ ಅವ್ರೇ, ಭಾನುವಾರ ನೀವೇ ತಾನೇ ನಿಲ್ಸಿ ಇದನ್ನ ಅಂದಿದ್ದು?"

"ನಾನು ಹಾಗೆ ಹೇಳ್ಲಿಲ್ಲ."

ಹೇಳಿರಲಿಕ್ಕಿಲ್ಲ. ಹೇಳಿದ್ದರೂ ಅವರು ತಿಳಿದುಕೊಂಡ ಅರ್ಥದಲ್ಲಿ ಹೇಳಿರಲಿಕ್ಕಿಲ್ಲ. ಇವರ ಕಿವಿಯೇ ಹಾಗೆ, ತಮಗೆ ಬೇಕಾದದ್ದನ್ನು ಮಾತ್ರ ಸೋಸಿ ಇಟ್ಟುಕೊಳ್ಳುತ್ತದೆ.

"ಆಯ್ತು ಬಿಡಿ, ಆನಾ ಹತ್ರಾನೇ ಮಾತಾಡ್ತೀನಿ. ಅವ್ರು ತುಂಬಾ ಅಡ್ಜಸ್ಟ್ ಮಾಡ್ಕೋತಾರೆ" ಎಂದರು.

ಅದು ನನಗೂ ಗೊತ್ತು. ಕರೆದವರಿಗೆ ಎದುರು ಮಾತಾಡಬಾರದೆಂಬುದು ಆನಾಳ ಊರಿನ ಕ್ರಮ. ಅತಿಥಿಯಾದವಳು ಕೊಟ್ಟದ್ದನ್ನು ಉಣ್ಣಬೇಕು, ಹೇಳಿದಲ್ಲಿ ಮಲಗಬೇಕು. ಅವಳು ಹೂಂ ಎನ್ನುತ್ತಾಳೆ. ಅಲ್ಲಿಗೆ ಮೆಲೆಯ ಆಟ ಮುಗಿಯುತ್ತದೆ, ಶುರುವಾಗದೆಯೇ. ಇಷ್ಟು ಸಿಟ್ಟು ನನಗೆ ಯಾವಾಗ ಬಂದಿತ್ತೋ ನೆನಪಿಲ್ಲ. ಅನ್ನಕ್ಕೆ ಉಪ್ಪು ಹಾಕಿ ಬೇಯಿಸಿದೆ. ಜಯೇಶ್ ಮೊಸರು ಜಾಸ್ತಿ ಹಾಕಿಕೊಂಡು ಉಂಡರು.

ಜುಲೈ 11, ಶುಕ್ರವಾರ. ಕ್ರೇಗಿಬರ್ನ್, ಮೆಲ್ಬರ್ನ್

ತಂಡ ಮಿನಿ ಬಸ್ಸಿನಲ್ಲಿ, ಅದರ ಹಿಂದೆ ನಾನು ಮತ್ತು ತೃಷಾ ಕಾರಿನಲ್ಲಿ. ದಾರಿಯುದ್ದಕ್ಕೂ ಅವಳು ಫೋನ್ ನೋಡಲಿಲ್ಲ, ಪೇಪರ್ ನ್ಯಾಪ್‌ಕಿನ್ ಮೇಲೆ ಗೆರೆ ಎಳೆಯುತ್ತ ಚೆಂಡು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನನಗೆ ಪಾಠ ಮಾಡಿದಳು. ಅರ್ಧ ಅರ್ಥವಾಯಿತು. ಇಲ್ಲಿನ ಚಳಿ ಸಿಡ್ನಿಯದ್ದಲ್ಲ, ಮೂಳೆಯ ಒಳಗೆ ಇಳಿಯುವಂಥದ್ದು. ಗೆಳತಿ ಶೈಲಶ್ರೀಯ ಮನೆಯಲ್ಲಿ ನಮ್ಮಿಬ್ಬರಿಗೆ ಹಾಸಿಗೆ, ಹತ್ತಿರದ ಚರ್ಚಿನ ಹಾಲ್‌ನಲ್ಲಿ ಹುಡುಗಿಯರಿಗೆ.

ಆನಾ ಹೂಂ ಎಂದಾಗಿದೆ. ಊಹಿಸಿದ್ದೆ.

ಜುಲೈ 12, ಶನಿವಾರ

ಬೆಳಿಗ್ಗೆ ತೃಷಾ ಕಾರಿನ ಕೀ ಕೇಳಿದಳು. ಡಿಕ್ಕಿಯಿಂದ ಬೂಟು ತೆಗೆದು ಕಟ್ಟಿಕೊಂಡಳು. ಒಣಗಿದ ಕೆಸರು ಸೀಟಿನ ಮೇಲೆಲ್ಲ ಉದುರಿತು. ಬಯ್ಯುವಷ್ಟು ಪುರುಸೊತ್ತಿರಲಿಲ್ಲ.

ಶೈಲಶ್ರೀಯ ಮನೆಯ ಹಿಂದಿನ ಮೈದಾನಕ್ಕೆ ಹುಡುಗಿಯರನ್ನು ಕರೆಸಿದ್ದೆವು. ಆಚೆಗೆ ಇನ್ನೂ ಮನೆ ಏಳದ ಸೈಟುಗಳು, ಹುಲ್ಲು. ಸಮುದ್ರ ಎಲ್ಲಿಯೂ ಇಲ್ಲ. ತೃಷಾ ಗೆರೆಯ ಮೇಲೆ ನಿಂತು, ತನ್ನ ತಲೆಯ ಮೇಲಿಂದ ಹೊರಗೆ ಒದೆಯಿರಿ ಎಂದಳು. ಮೆಲೆ ಓಡಿ ಬಂದು ಒದ್ದಳು. ಚೆಂಡು ಗೆರೆಯ ತನಕ ಬಂದು ತೃಷಾಳ ಕಾಲ ಬುಡದಲ್ಲಿ ಸಾಧು ಹಸುವಿನಂತೆ ನಿಂತಿತು. ಎರಡನೆಯವಳು ಒದ್ದಳು, ಅದೂ ಹಾಗೆಯೇ. ಮೂರನೆಯವಳು ಒದೆಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡಳು.

ಆಗ ತೃಷಾ ಚೆಂಡನ್ನೆತ್ತಿ ತಾನೇ ಒಂದು ಒದೆ ಕೊಟ್ಟಳು. ಅದು ಬೇಲಿ ಹಾರಿ, ಸೈಟು ದಾಟಿ, ಎಲ್ಲೋ ಬಿತ್ತು. ಹುಡುಗಿಯರು ಸಾವಿನ ಸುದ್ದಿ ಕೇಳಿದವರಂತೆ ಬಾಯಿಗೆ ಕೈಯಿಟ್ಟುಕೊಂಡರು. ಇಬ್ಬರು ಅದರ ಹಿಂದೆ ಓಡಿಯೇಬಿಟ್ಟರು. ತೃಷಾ ಎರಡನೆಯ ಚೆಂಡನ್ನೂ ಒದ್ದಳು, ಮೂರನೆಯದನ್ನೂ. ಕ್ಲಬ್ಬಿನ ಒಂದು ಚೀಲ ತುಂಬ ಚೆಂಡು ತಂದಿದ್ದಳು.

"ಅದು ಭಾಸ್ಕರ ಅಂಕಲ್‌ದು" ಎಂದೆ.

"ಐ ನೋ" ಎಂದಳು.

ಮೊದಲು ನಕ್ಕವಳು ಸಿನಾ. ಗೋಲ್‌ಕೀಪರ್ ಅಲ್ಲವೇ, ದೂರ ಒದೆಯುವ ಆಸೆ ಎಷ್ಟು ವರ್ಷದಿಂದ ಕಟ್ಟಿಕೊಂಡಿದ್ದಳೋ. ಅವಳ ಚೆಂಡು ಬೇಲಿಯ ಕಂಬಕ್ಕೆ ಬಡಿದು ಆಚೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒದೆಯುತ್ತಿದ್ದರು, ಮೆಲೆಯೊಬ್ಬಳನ್ನು ಬಿಟ್ಟು. ಯಾರು ಒದ್ದರೂ ಅವಳು ತಾನೇ ಓಡಿಹೋಗಿ ಚೆಂಡು ತಂದು, ಒರೆಸಿ, ಮೆಲ್ಲಗೆ ಕೆಳಗಿಡುತ್ತಿದ್ದಳು. ಕ್ಯಾಪ್ಟನ್ ಆದವಳು ಚೆಂಡು ಕಾಯಬೇಕೆಂದು ಬೆಳೆದವಳು. ಅವಳಿಗೆ ಯಾರು ಏನು ಹೇಳುವುದು?

ಆದರೂ ನಾಳೆ ಬಿಬ್ ತೊಡಿಸಿದರೆ ಇದೆಲ್ಲ ನೀರಿನಲ್ಲಿ ಹೋಮ. ಆನಾಳಿಗೆ, ನೀವು ಇಲ್ಲ ಅನ್ನಿ ಎಂದೆ. ಅತಿಥಿ ಹಾಗೆ ಹೇಳಬಾರದು ಎಂದಳು. ಸರಿ. ನಾನೇನು ಅತಿಥಿಯಲ್ಲ.

ಜುಲೈ 13, ಭಾನುವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಭಾಸ್ಕರ ಸಿಡ್ನಿಯಿಂದ ವಿಮಾನದಲ್ಲಿ ಬಂದಿಳಿದು, ದೊಡ್ಡ ಚೀಲದೊಂದಿಗೆ ಮೈದಾನಕ್ಕೆ ಬಂದರು. ಕಿತ್ತಳೆ, ಹಸಿರು ಬಿಬ್‌ಗಳು. ಚೀಲವನ್ನು ಬೆಂಚಿನ ಮೇಲಿಟ್ಟು ಫೋಟೋದವನನ್ನು ಹುಡುಕಲು ಹೋದರು. ನಾನು ಚೀಲ ಎತ್ತಿಕೊಂಡೆ, ಕಾರಿನ ಡಿಕ್ಕಿಗೆ ಹಾಕಿದೆ, ಬೀಗ ಒತ್ತಿದೆ, ಕೀಯನ್ನು ಜಾಕೆಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಯೋಚನೆ ಮಾಡಿದ್ದರೆ ಮಾಡುತ್ತಿರಲಿಲ್ಲ.

"ಬಿಬ್ಸ್ ಎಲ್ಲಿ?" ಎಂದರು ಬಂದವರು.

"ನನ್ನ ಕಾರಲ್ಲಿ."

"ತೊಗೊಂಡು ಬನ್ನಿ."

"ಇಲ್ಲ."

ಅವರು ನಕ್ಕರು. ನಾನು ನಗಲಿಲ್ಲ. "ಪ್ರಫುಲ್ಲಾ ಅವ್ರೇ, ಏನಿದು ಚೈಲ್ಡಿಶ್ ಆಗಿ. ಆನಾ ಆಲ್‌ರೆಡಿ ಒಪ್ಕೊಂಡಿದಾರೆ."

"ಅವರು ನಿಮ್ಮ ಗೆಸ್ಟ್, ಅದಕ್ಕೆ ಒಪ್ಪಿದ್ದು. ನಾನು ಗೆಸ್ಟ್ ಅಲ್ಲ. ಫಿಸಿಯೋ. ಹುಡುಗಿಯರೆಲ್ಲ ಪೂರ್ತಿ ಆಟಕ್ಕೆ ಫಿಟ್ ಇದ್ದಾರೆ, ಬೇಕಾದರೆ ಈಗಲೇ ಎಲ್ಲರೆದುರು ಹೇಳ್ತೇನೆ. ನಿಮ್ಮ ಕಮಿಟಿಗೆ ಕೋಪ ಬಂದರೆ ನನ್ನ ಮೇಲೆ ಬರ್ಲಿ."

"ಮತ್ತೆ ಹತ್ತು ಗೋಲ್ ತಿಂದ್ರೆ?"

"ತಿಂದ್ರೆ ಅವರು ತಿಂತಾರೆ. ನಿಮಗೆಂತ ಹೊಟ್ಟೆನೋವು?"

ರೆಫರಿ ಕಾಲೇಜು ಓದುವ ವಯಸ್ಸಿನ ಹುಡುಗಿ. ಅವಳಿಗೆ ಈ ಕನ್ನಡದ ಜಗಳ ಅರ್ಥವಾಗಲಿಲ್ಲ, ಗಡಿಯಾರ ಮಾತ್ರ ಅರ್ಥವಾಯಿತು. ಎರಡೂ ತಂಡ ಸಿದ್ಧವಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎದುರು ತಂಡದ ಕೋಚ್ ಹೌದು ಎಂದಳು. ನಾನು ಆನಾಳನ್ನು ನೋಡಿದೆ. ಅವಳು ಭಾಸ್ಕರರನ್ನು ನೋಡಲಿಲ್ಲ, ನೆಲ ನೋಡುತ್ತ, ಸಿದ್ಧ ಎಂದಳು.

ಮೊದಲರ್ಧಕ್ಕೆ ಐದು ಸೊನ್ನೆ. ಸಿನಾ ಸಿಕ್ಕಿದ್ದನ್ನೆಲ್ಲ ದೂರ ಒದ್ದಳು. ಉಳಿದವರೂ ಒದ್ದರು, ಮೊದಮೊದಲು ಹೆದರಿ, ಆಮೇಲೆ ಗೆಲುವಾಗಿ. ಚೆಂಡು ಹೊರಗೆ ಹೋದಾಗಲೆಲ್ಲ ಅದನ್ನು ತರುವವಳು ತೃಷಾ, ಅವಳೇನೂ ಓಡಲಿಲ್ಲ, ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಹಾಗೆ ನಡೆದುಕೊಂಡು ಹೋಗಿ ನಡೆದುಕೊಂಡು ಬಂದಳು. ಎದುರಿನ ಕೋಚ್ ಗೊಣಗಿದಳು. ಗೊಣಗಲಿ.

ಆರು. ಏಳು. ಎಂಟಾದ ಮೇಲೆ ನಾನು ಬೆಂಚಿನಲ್ಲಿ ಕೂರಲಿಲ್ಲ. ಒಂಬತ್ತಾಯಿತು. ಇನ್ನೂ ಕಾಲು ಗಂಟೆಯ ಹತ್ತಿರ ಇತ್ತು.

ಅಂಥ ಕಾಲು ಗಂಟೆಯನ್ನು ನಾನು ಹೆರಿಗೆ ಕೋಣೆಯಲ್ಲೂ ಕಂಡಿಲ್ಲ. ಎದುರಿನವರು ಕೆಟ್ಟವರಲ್ಲ, ಅವರಿಗೆ ಹತ್ತನೆಯದು ಬೇಕಿತ್ತು, ಅದು ಅವರ ಆಟ. ಒಂದು ಚೆಂಡು ಕಂಬಕ್ಕೆ ಬಡಿಯಿತು. ಒಂದನ್ನು ಸಿನಾ ಮುಖದಲ್ಲೇ ತಡೆದಳು. ಮೂಗಿನಲ್ಲಿ ರಕ್ತ, ನಾನು ಓಡಿದೆ, ಹತ್ತಿ ತುರುಕಿದೆ, ಸಾಕಾ ಎಂದು ಕೇಳಿದೆ. ಅವಳು ನನ್ನ ಕೈ ತಳ್ಳಿದಳು.

ಕೊನೆಗೆ ಮೂವರು ಒಟ್ಟಿಗೆ ನುಗ್ಗಿದರು. ಸಿನಾ ಬಿದ್ದಿದ್ದಳು. ಗೋಲಿನ ಎದುರು ಮೆಲೆ ಒಬ್ಬಳೇ, ಚೆಂಡು ಅವಳ ಕಾಲಿನಲ್ಲಿ. ಅವಳು ಗೆರೆಯನ್ನು ನೋಡಿದಳು. ನೋಡುತ್ತ ನಿಂತಳು. "ಪಿದಾಯಿ ಪಾಡ್, ಮೆಲೆ, ಪಿದಾಯಿ ಪಾಡ್" ಎಂದು ಯಾರೋ ಗಂಟಲು ಹರಿಯುವಂತೆ ಕೂಗಿದರು. ಹೊರಗೆ ಹಾಕು ಎಂದು, ತುಳುವಿನಲ್ಲಿ. ನಾನೇ ಅಂತೆ, ತೃಷಾ ಆಮೇಲೆ ಹೇಳಿದಳು. ಮೆಲೆಗೆ ತುಳು ಎಲ್ಲಿ ಬರಬೇಕು? ಆದರೆ ಒದ್ದಳು. ಎರಡು ತಲೆಮಾರಿನ ಸಿಟ್ಟೆಲ್ಲ ಒಟ್ಟುಮಾಡಿ ಒದ್ದ ಹಾಗೆ ಒದ್ದಳು. ಚೆಂಡು ಬೇಲಿ ದಾಟಿತು, ಪಾರ್ಕಿಂಗ್ ದಾಟಿತು, ರಸ್ತೆಯಾಚೆ ಹೋಯಿತು. ಮೆಲೆ ಅದರ ಹಿಂದೆ ಓಡಲಿಲ್ಲ. ಅದು ಹೋದ ಕಡೆಗೆ ಬೆನ್ನು ತಿರುಗಿಸಿ, ತನ್ನವರನ್ನು ಜಾಗಕ್ಕೆ ನಿಲ್ಲಿಸಿದಳು.

ಇನ್ನೊಂದು ಚೆಂಡು ತಂದರು. ಅದನ್ನೂ ಹೊರಗೆ ಕಳಿಸಿದಳು. ಮತ್ತೊಂದನ್ನೂ. ಆಮೇಲೆ ಸೀಟಿ ಬಿತ್ತು, ಮೂರು ಸಲ, ಉದ್ದಕ್ಕೆ. ಪೂರ್ತಿ ಎಂಬತ್ತು ನಿಮಿಷ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಸಿನಾ ಯಾರ ಅಡಿಯಲ್ಲಿದ್ದಳೋ ಕಾಣಲಿಲ್ಲ. ಆನಾ ಮೈದಾನದ ನಡುವೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆಯೇನಿಲ್ಲ. ಗೆದ್ದವರು ತಮ್ಮ ಗೆಲುವನ್ನು ಮರೆತು ನೋಡುತ್ತ ನಿಂತರು. ಭಾಸ್ಕರ ಪಕ್ಕಕ್ಕೆ ಬಂದು, "ಒಂಬತ್ತು ಗೋಲ್ ತಿಂದು ಇಷ್ಟು ಸಂಭ್ರಮನಾ?" ಎಂದರು. ಕುಹಕವಲ್ಲ, ನಿಜವಾಗಿಯೂ ಗೊತ್ತಾಗಿರಲಿಲ್ಲ.

"ಒಂಬತ್ತು. ಹತ್ತಲ್ಲ" ಎಂದು ಅವರ ಕೈಗೆ ಕಾರಿನ ಕೀ ಕೊಟ್ಟೆ.

ಮೆಲೆಯ ತೊಡೆಯ ಗಾಯ ಮತ್ತೆ ಬಾಯಿಬಿಟ್ಟಿತ್ತು. ತೊಳೆದು ಕಟ್ಟುವಾಗ, ತುಂಬಾ ನೋವಾಗುತ್ತಿದೆಯಾ ಎಂದು ಕೇಳಿದೆ. "ಈಗ ಶುರುವಾಯಿತು" ಎಂದಳು. ಹಲ್ಲು ಕಾಣುವಂತೆ ಅವಳು ನಕ್ಕದ್ದನ್ನು ಕಂಡದ್ದು ಅದೇ ಮೊದಲು.

ಸಂಜೆ ಜಯೇಶ್ ಫೋನ್ ಮಾಡಿ, ಏನಾಯಿತು ಎಂದರು. ಒಂಬತ್ತು ಸೊನ್ನೆ ಎಂದೆ.

"ಅಯ್ಯೋ ಪಾಪ."

"ಪಾಪ ಎಂತದ್ದು ಅದರಲ್ಲಿ?" ಎಂದೆ. "ಪೂರ್ತಿ ಆಡಿದ್ದೇವೆ."